ಬೆಲೆಚೀಟಿಯ ಕೆಳಗೊಂದು ಪೆನ್ಸಿಲ್ ಅಂಕಿ

ಬೆಳಗಿನ ಐದೂವರೆ. ದಿನಸಿ ಅಂಗಡಿಯ ಕಬ್ಬಿಣದ ಬಾಗಿಲು ಇನ್ನೂ ಅರ್ಧಕ್ಕೇ ನಿಂತಿದೆ. ಒಳಗೆ ಹೋಗುವವರು ಬಗ್ಗಿಯೇ ಹೋಗಬೇಕು. ಒಳಗೆ ಹನ್ನೊಂದು ಸಾಲು ಕಪಾಟುಗಳು, ಎರಡು ಸಾಲಿಗೆ ಒಂದರಂತೆ ಉರಿಯುವ ದೀಪ. ನಾಲ್ಕನೇ ಸಾಲಿನಲ್ಲಿ ಒಬ್ಬ ಹೆಂಗಸು ಹಾಲಿನ ಕ್ರೇಟೊಂದನ್ನು ಬೋರಲು ಹಾಕಿಕೊಂಡು ಕೂತಿದ್ದಾರೆ. ಮಡಿಲಲ್ಲಿ ಚೀಟಿಗಳ ಕಟ್ಟು. ಸಕ್ಕರೆಯ ಮುಂದಿನ ಹಳೆಯ ಬೆಲೆಚೀಟಿಯನ್ನು ಉಗುರಿನಿಂದ ಎಬ್ಬಿಸುತ್ತಾರೆ, ಹೊಸದನ್ನು ಜಾರಿಸುತ್ತಾರೆ, ಹೆಬ್ಬೆರಳಿನಿಂದ ಒತ್ತುತ್ತಾರೆ. ಒತ್ತುವಾಗ ತುಟಿ ಸಣ್ಣಗೆ ಅಲುಗುತ್ತದೆ. ಏನೋ ಪ್ರಾರ್ಥನೆ ಇರಬೇಕು ಅಂದುಕೊಂಡೆ. ಹತ್ತಿರ ಹೋದರೆ ಅದು ಭಾಗಾಕಾರ.

"ಐದು ಕೆಜಿಗೆ ಇನ್ನೂರ ಮೂವತ್ತೈದು. ಅಂದ್ರೆ ಕೆಜಿಗೆ ನಲವತ್ತೇಳು. ಪಕ್ಕದಲ್ಲಿರೋ ಒಂದು ಕೆಜಿ ಪೊಟ್ಟಣ ನಲವತ್ತಾರು," ಎಂದು ನನ್ನತ್ತ ತಿರುಗಿ ನೋಡದೆಯೇ ಹೇಳುತ್ತಾರೆ. "ದೊಡ್ಡ ಚೀಲ ಹೊತ್ಕೊಂಡು ಹೋಗೋರು ಭುಜನೋವಿಗೆ ಐದು ರೂಪಾಯಿ ಜಾಸ್ತಿ ಕೊಟ್ಟಂಗೆ."

ಇವರಿಗೆ ನಲವತ್ತಾರು ವರ್ಷ. ಈ ಅಂಗಡಿ ಸೇರಿ ಹನ್ನೆರಡು ವರ್ಷ. ಕೊರಳಲ್ಲಿ ನೇತಾಡುವ ಗುರುತಿನ ಚೀಟಿಯಲ್ಲಿ 'ಸಹಾಯಕಿ' ಎಂದಷ್ಟೇ ಇದೆ. ಬಡಾವಣೆಯವರಿಗೆ ಮಾತ್ರ ಇವರು 'ಪೆನ್ಸಿಲ್ ಅಕ್ಕ'. ಅಂಗಡಿಯಲ್ಲಿ ಒಟ್ಟು ಸಾವಿರದ ಎಂಟುನೂರ ನಲವತ್ತು ಬೆಲೆಚೀಟಿಗಳಿವೆ. ದಿನಕ್ಕೆ ಅರವತ್ತು, ಎಪ್ಪತ್ತು ಬದಲಾಗುತ್ತವೆ. ಏಳು ಗಂಟೆಗೆ ಮೊದಲ ಗಿರಾಕಿ ಕಾಲಿಡುವ ಹೊತ್ತಿಗೆ ಅಷ್ಟನ್ನೂ ಬದಲಿಸಿ ಮುಗಿಸಬೇಕು. ಚೀಟಿಯ ಮೇಲಿನ ಸಾಲಿನಲ್ಲಿ ಪೊಟ್ಟಣದ ಬೆಲೆ. ಅದರ ಕೆಳಗೆ ಸಣ್ಣದಾಗಿ ಇನ್ನೊಂದು ಅಂಕಿ: ಕೆಜಿಗೆ ಎಷ್ಟು ಬಿತ್ತು, ಲೀಟರಿಗೆ ಎಷ್ಟು, ಚಹಾಪುಡಿಯಂಥದ್ದಾದರೆ ನೂರು ಗ್ರಾಂಗೆ ಎಷ್ಟು. ಆ ಎರಡನೇ ಅಂಕಿ ಈ ಅಂಗಡಿಗೆ ಬಂದದ್ದು ಇವರಿಂದ. ಬಂದದ್ದು ಸಲೀಸಾಗೇನೂ ಅಲ್ಲ.

ಹತ್ತು ವರ್ಷದ ಹಿಂದೆ ಇವರು ಇಲ್ಲಿ ಕಸ ಗುಡಿಸಿ, ಕಪಾಟು ಒರೆಸುವ ಕೆಲಸದಲ್ಲಿದ್ದರು. ಗಂಡ ಕಟ್ಟಡಗಳಿಗೆ ಬಣ್ಣ ಬಳಿಯುವವರು. ಒಂದು ದಿನ ಎರಡನೇ ಮಹಡಿಯ ಸಾರವೆಯ ಹಲಗೆ ಜಾರಿ ಕೆಳಗೆ ಬಿದ್ದರು. ಸೊಂಟದ ಮೂಳೆ, ಬಲಗಾಲು ಎರಡೂ ಮುರಿದವು. ಎಂಟು ತಿಂಗಳು ಹಾಸಿಗೆ. ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಎರಡು ಕೋಣೆಯ ಮನೆ. ಒಂದರಲ್ಲಿ ಗಂಡನ ಮಂಚ, ಇನ್ನೊಂದರಲ್ಲಿ ಒಲೆ, ಅತ್ತೆ, ಇವರು. ಮೂಳೆ ಕೂಡಿಕೊಳ್ಳಲು ಡಾಕ್ಟರು ಶಕ್ತಿಪುಡಿ ಬರೆದುಕೊಟ್ಟಿದ್ದರು, ತಿಂಗಳಿಗೆ ಎರಡು ಕೆಜಿ. ಇವರು ತಮ್ಮದೇ ಅಂಗಡಿಯಿಂದ ಅರ್ಧ ಕೆಜಿಯ ದೊಡ್ಡ ಡಬ್ಬ ನಾಲ್ಕು ತರುತ್ತಿದ್ದರು. ದೊಡ್ಡದು ಅಂದಮೇಲೆ ಅಗ್ಗವೇ ಇರುತ್ತದೆ ಎಂಬ ಲೆಕ್ಕ. ಡಬ್ಬದ ಮೇಲೂ ಹಳದಿ ಅಕ್ಷರದಲ್ಲಿ 'ಉಳಿತಾಯ' ಎಂದು ಬರೆದಿತ್ತು.

ಏಳನೇ ತಿಂಗಳಲ್ಲಿ ನೋಡಲು ಬಂದ ನೆರೆಯವರೊಬ್ಬರು ಅದೇ ಪುಡಿಯ ಇನ್ನೂರು ಗ್ರಾಂನ ಸಣ್ಣ ಪೆಟ್ಟಿಗೆ ತಂದುಕೊಟ್ಟರು. ಮೇಲೆ ಅಂಟಿಸಿದ್ದ ಬೆಲೆಯ ಚೀಟಿ ಕೀಳಲು ಮರೆತಿದ್ದರು. ಕಿಟಕಿಯ ಕಟ್ಟೆಯ ಮೇಲೆ ದೊಡ್ಡದರ ಪಕ್ಕ ಸಣ್ಣದು ಕೂತಿತು. ಮಲಗಿದಲ್ಲೇ ಮಲಗಿ ಬೇಸತ್ತ ಗಂಡ ಮಧ್ಯಾಹ್ನವಿಡೀ ಒಂದರಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದರು. ಸಂಜೆ ಹೆಂಡತಿ ಬಂದ ತಕ್ಷಣ ಪೆನ್ಸಿಲ್ ಕೇಳಿದರು. ಕಾಗದ ಹುಡುಕುವಷ್ಟು ತಾಳ್ಮೆ ಇರಲಿಲ್ಲ. ಮಂಚದ ಪಕ್ಕದ ಗೋಡೆಯ ಮೇಲೇ ಬರೆದರು. ಸಣ್ಣದು ನೂರ ಹತ್ತು ರೂಪಾಯಿ, ನೂರು ಗ್ರಾಂಗೆ ಐವತ್ತೈದು. ದೊಡ್ಡದು ಇನ್ನೂರ ತೊಂಬತ್ತು, ನೂರು ಗ್ರಾಂಗೆ ಐವತ್ತೆಂಟು.

"ಬಣ್ಣ ಕೊಳ್ಳೋವಾಗ ಯಾವತ್ತೂ ಲೀಟರಿಗೆ ಎಷ್ಟು ಬಿತ್ತು ಅಂತಾನೇ ನಾವು ನೋಡೋದು. ಇಪ್ಪತ್ತು ಲೀಟರಿನ ಬಕೀಟು, ನಾಲ್ಕು ಲೀಟರಿನ ಡಬ್ಬ, ಎರಡನ್ನೂ ಒಂದು ಲೀಟರಿಗೆ ಇಳಿಸ್ದೆ ಮೇಸ್ತ್ರಿ ಮುಟ್ಟೋದೇ ಇಲ್ಲ," ಎಂದು ಗಂಡ ಈಗ ನೆನೆಯುತ್ತಾರೆ. "ಗೋಡೆಗೆ ಹಚ್ಚೋದಕ್ಕೆ ಅಷ್ಟು ನೋಡ್ತೀವಿ, ಹೊಟ್ಟೆಗೆ ಹಾಕೋದಕ್ಕೆ ನೋಡ್ಲೇ ಇಲ್ವಲ್ಲ ಅನ್ನಿಸ್ತು."

ಏಳು ತಿಂಗಳು, ತಿಂಗಳಿಗೆ ಎರಡು ಕೆಜಿ, ಕೆಜಿಗೆ ಮೂವತ್ತು ರೂಪಾಯಿ ಹೆಚ್ಚು. ಒಟ್ಟು ನಾನೂರ ಇಪ್ಪತ್ತು. ಮನೆಗೆ ಬರುವುದು ಒಬ್ಬರದೇ ಸಂಬಳ ಇದ್ದ ಆ ದಿನಗಳಲ್ಲಿ ಅದು ದೊಡ್ಡ ಮೊತ್ತವೇ. ಗೋಡೆಯ ಮುಂದೆ ಕೂತು ಇವರು ಅತ್ತರಂತೆ. ಅತ್ತೆಗೆ ಗೋಡೆ ಹಾಳಾದ ಸಿಟ್ಟು ಒಂದು ಕಡೆ, ಸೊಸೆಯ ಅಳು ಇನ್ನೊಂದು ಕಡೆ. ಯಾರನ್ನು ಬೈಯಬೇಕೋ ತಿಳಿಯದೆ ಡಬ್ಬವನ್ನೇ ಬೈದರಂತೆ.

"ದುಡ್ಡು ಹೋಯ್ತು ಅಂತ ಅತ್ತಿದ್ದಲ್ಲ," ಎನ್ನುತ್ತಾರೆ ಇವರು. "ಆ ಕಪಾಟು ದಿನಾ ಒರೆಸೋಳು ನಾನು. ಎರಡೂ ಡಬ್ಬದ ಧೂಳು ನನ್ನ ಕೈಯಲ್ಲೇ ಹೋಗ್ತಿತ್ತು. ಅಕ್ಕಪಕ್ಕದಲ್ಲೇ ಇದ್ವು. ಆದ್ರೂ ಕಾಣ್ಲಿಲ್ಲ."

ಶಾಲೆಯಲ್ಲಿ ಲೆಕ್ಕದ ಮೇಷ್ಟ್ರ ಕಣ್ಣು ತಪ್ಪಿಸಿ ಹಿಂದಿನ ಬೆಂಚಿಗೆ ಸರಿಯುತ್ತಿದ್ದವರು ಇವರು. ಎಂಟನೆಯ ತರಗತಿಗೆ ಓದು ನಿಂತಿತ್ತು. ಆ ವಾರದಿಂದ ಗಂಡನೇ ಮೇಷ್ಟ್ರು, ಗೋಡೆಯೇ ಹಲಗೆ. ಇನ್ನೂರೈವತ್ತು ಗ್ರಾಂ ಇದ್ದರೆ ನಾಲ್ಕರಿಂದ ಗುಣಿಸು, ಕೆಜಿಗೆ ಬರುತ್ತದೆ. ನಾನೂರು ಗ್ರಾಂ ಇದ್ದರೆ ಮೊದಲು ನಾಲ್ಕರಿಂದ ಭಾಗಿಸಿ ನೂರು ಗ್ರಾಂಗೆ ತಾ, ಆಮೇಲೆ ಹತ್ತರಿಂದ ಗುಣಿಸು. ಅಂಗಡಿಯಲ್ಲಿ ಕಂಡ ಬೆಲೆಗಳನ್ನು ಇವರು ಬಾಯಿಪಾಠ ಮಾಡಿಕೊಂಡು ಬರುವುದು, ಗೋಡೆಯ ಮೇಲೆ ಬಿಡಿಸುವುದು, ಅವರು ಮಲಗಿದಲ್ಲಿಂದಲೇ ತಿದ್ದುವುದು. ಕಿಟಕಿಯಿಂದ ಬಾಗಿಲವರೆಗೆ ಅಂಕಿಗಳೇ ತುಂಬಿದವು. ಕೋಲು ಹಿಡಿದು ಎದ್ದು ನಿಂತ ದಿನ ಗಂಡ ಮಾಡಿದ ಮೊದಲ ಕೆಲಸ ಆ ಗೋಡೆಗೆ ಬಣ್ಣ ಹೊಡೆದದ್ದು. ಒಂದು ಮೂಲೆಯನ್ನಾದರೂ ಹಾಗೇ ಬಿಡಿ ಎಂದು ಇವರು ಕೇಳಿಕೊಂಡರೂ ಅವರು ಒಪ್ಪಲಿಲ್ಲ. ಕಸುಬುದಾರನ ಮನೆಯ ಗೋಡೆ ಹಾಗಿರಬಾರದಂತೆ.

ಅಂಗಡಿಯಲ್ಲಿ ಇವರು ಮೊದಲ ಅಂಕಿ ಬರೆದದ್ದು ಆ ಶಕ್ತಿಪುಡಿಯ ಚೀಟಿಯ ಕೆಳಗೇ. ಯಾರನ್ನೂ ಕೇಳಲಿಲ್ಲ. ಒರೆಸುವ ಬಟ್ಟೆಯ ಜೊತೆಗೆ ಪೆನ್ಸಿಲ್ ಇಟ್ಟುಕೊಂಡಿದ್ದರು, ಬರೆದರು, ಮುಂದೆ ಹೋದರು. ಎರಡು ದಿನ ಬಿಟ್ಟು ನೋಡಿದರೆ ಸಣ್ಣ ಪೆಟ್ಟಿಗೆಗಳ ಸಾಲು ಖಾಲಿ. ಆಮೇಲೆ ಅಕ್ಕಿ, ಸಕ್ಕರೆ, ಎಣ್ಣೆ, ಚಹಾಪುಡಿ. ಚೀಟಿ ಬದಲಿಸುತ್ತಿದ್ದವನು ಬೇರೆ ಊರಿಗೆ ಹೋದಾಗ ಆ ಕೆಲಸವೂ ಇವರ ಪಾಲಿಗೆ ಬಂತು. ವರ್ಷ ಕಳೆಯುವುದರೊಳಗೆ ಇನ್ನೂರು ಚೀಟಿಗಳ ಕೆಳಗೆ ಪೆನ್ಸಿಲ್ ಅಂಕಿ ಇತ್ತು. ಮ್ಯಾನೇಜರು ನೋಡಿಯೂ ನೋಡದಂತೆ ಇದ್ದರು.

ತಪ್ಪಾದದ್ದು ಸೋಪಿನ ಪುಡಿಯಲ್ಲಿ. ಒಂದು ಕೆಜಿಯ ನೀಲಿ ಪೊಟ್ಟಣ, ತೊಂಬತ್ತು ರೂಪಾಯಿ. ಕೆಳಗೆ 'ಕೆಜಿಗೆ 90' ಎಂದು ಇವರೇ ಬರೆದಿದ್ದರು. ಒಂದು ದಿನ ಹನ್ನೆರಡು ಪೊಟ್ಟಣದ ರಟ್ಟಿನ ಪೆಟ್ಟಿಗೆ ಎತ್ತುವಾಗ ಕೈಗೆ ಯಾಕೋ ಹಗುರ ಅನ್ನಿಸಿತು. ತಕ್ಕಡಿಗೆ ಇಟ್ಟರು. ಪೊಟ್ಟಣ ಮೊದಲಿನಷ್ಟೇ ಎತ್ತರ, ಅದೇ ನೀಲಿ, ಅದೇ ಬೆಲೆ. ಒಳಗೆ ಒಂಬೈನೂರು ಗ್ರಾಂ. ಹಿಂಬದಿಯ ಮಡಿಕೆಯಲ್ಲಿ ಇರುವೆಯಂಥ ಅಕ್ಷರದಲ್ಲಿ ಅದನ್ನು ಬರೆದೂ ಇದ್ದರು. ಲೆಕ್ಕ ಹಾಕಿದರೆ ಕೆಜಿಗೆ ನೂರು ರೂಪಾಯಿ. ಹೊಸ ಪೊಟ್ಟಣ ಬಂದು ಹನ್ನೊಂದು ದಿನವಾಗಿತ್ತು. ಹನ್ನೊಂದು ದಿನವೂ ಇವರ ಕೈಬರಹ ಸುಳ್ಳು ಹೇಳುತ್ತಾ ನಿಂತಿತ್ತು.

ಅಂಕಿಯನ್ನು ಅಳಿಸಿ ಸರಿ ಮಾಡಿದರೆ ಕೆಲಸ ಮುಗಿಯುತ್ತಿತ್ತು. ಇವರಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಮೂರು ದಿನ ಊಟದ ಬಿಡುವಿನಲ್ಲಿ ಆ ಕಪಾಟಿನ ಪಕ್ಕ ನಿಂತು, ನೀಲಿ ಪೊಟ್ಟಣಕ್ಕೆ ಕೈಹಾಕಿದವರಿಗೆಲ್ಲ ಮೊದಲು ಬರೆದದ್ದು ತಪ್ಪಾಗಿತ್ತು ಎಂದು ಹೇಳಿದರು. ಮನೆಮನೆಯ ಬಟ್ಟೆ ತಂದು ಒಗೆದುಕೊಡುವ ಒಬ್ಬ ಹೆಂಗಸು ವಾರಕ್ಕೆ ಆರು ಪೊಟ್ಟಣ ಒಯ್ಯುತ್ತಿದ್ದರು, ಅದೂ ಈ ಅಂಕಿಯನ್ನು ನಂಬಿಯೇ. ಆ ಮೂರು ದಿನ ಅವರು ಬರಲಿಲ್ಲ. ಇವರೇ ವಿಳಾಸ ಕೇಳಿಕೊಂಡು ಅವರ ಮನೆಗೆ ಹೋದರು.

ಒಗೆಯುವಾಕೆ ಈಗಲೂ ಇದೇ ಅಂಗಡಿಯ ಗಿರಾಕಿ. ನಾನು ಹೋದ ದಿನ ಸಿಕ್ಕರು. ಅಂಗಳದಲ್ಲಿ ತಾವು ಹಾಸಿಗೆ ಹೊದಿಕೆ ಹಿಂಡುತ್ತಿದ್ದರಂತೆ, ಬಾಗಿಲಲ್ಲಿ ಈಕೆ ಬಂದು ನಿಂತರಂತೆ, ಏನೋ ಸಾವಿನ ಸುದ್ದಿ ತಂದಿರಬೇಕು ಎಂದುಕೊಂಡರಂತೆ.

"ನೋಡಿದ್ರೆ ನೂರು ಗ್ರಾಂ ಸೋಪಿನ ಪುಡಿ ವಿಷ್ಯ," ಎಂದು ನಗುತ್ತಾರೆ. "ನಾನಂದೆ, ಕಮ್ಮಿ ಮಾಡ್ದೋರು ಹೇಳೋಕೆ ಬರ್ಲಿಲ್ಲ, ನೀವು ಬಂದ್ರಲ್ಲ. ಅವತ್ತಿಂದ ಇವರು ಬರೆದಿದ್ದು ಕಣ್ಮುಚ್ಚಿ ತಗೋತೀನಿ. ಆದ್ರೆ ಇವರು ಬಿಡಲ್ಲ. ಕಣ್ಬಿಟ್ಟು ನೋಡಿ ತಗೊಳ್ಳಿ ಅಂತಾರೆ."

ಒಗೆಯುವಾಕೆ ಪಕ್ಕದಲ್ಲಿದ್ದ ಎರಡು ಕೆಜಿಯ ಬಿಳಿ ಚೀಲಕ್ಕೆ ಬದಲಾದರು. ಅದು ನೂರ ತೊಂಬತ್ತು, ಕೆಜಿಗೆ ತೊಂಬತ್ತೈದು. ಸುದ್ದಿ ಹಬ್ಬಿ ಇನ್ನೂ ಹಲವರು ಬದಲಾದರು. ತಿಂಗಳೊಳಗೆ ನೀಲಿ ಪೊಟ್ಟಣದ ಕಂಪನಿಯ ಮಾರಾಟಗಾರ ಅಂಗಡಿಗೆ ಬಂದ. ತನ್ನ ಸರಕಿನ ಕೆಳಗೆ ಪೆನ್ಸಿಲಿನಲ್ಲಿ '100' ಎಂದಿರುವುದನ್ನು ನೋಡಿದ. ಬೆಲೆಚೀಟಿಯ ಮೇಲೆ ಕೈಬರಹ ಇರಬಾರದೆಂಬ ನಿಯಮ ಅಂಗಡಿಯಲ್ಲಿ ಇದ್ದೇ ಇತ್ತು. ಅದನ್ನು ಮ್ಯಾನೇಜರಿಗೆ ಅವನೇ ನೆನಪಿಸಿದ. ಮಾರನೆಯ ಬೆಳಗ್ಗೆ ಇವರ ಕೈಗೆ ರಬ್ಬರ್ ಕೊಟ್ಟು ಎಲ್ಲವನ್ನೂ ಅಳಿಸಲು ಹೇಳಲಾಯಿತು. ಇನ್ನೂರಕ್ಕೂ ಹೆಚ್ಚು ಅಂಕಿಗಳನ್ನು ಇವರೇ ಅಳಿಸಿದರು. ಆಮೇಲೆ ಹಿಂದಿನ ಗೋದಾಮಿನಲ್ಲಿ ಪೆಟ್ಟಿಗೆ ಒಡೆಯುವ ಕೆಲಸಕ್ಕೆ ಹಾಕಿದರು.

ಗೋದಾಮಿಗೆ ಕಿಟಕಿಯಿಲ್ಲ. ಎತ್ತಿ ಇಳಿಸಿ ಬೆನ್ನು ಹಿಡಿದುಕೊಳ್ಳುತ್ತಿತ್ತು. ಗಂಡ ಬೇರೆ ಕಡೆ ಕೆಲಸ ನೋಡು ಎಂದರು. ಅತ್ತೆ ಮಾತ್ರ, ತಪ್ಪು ಮಾಡದೆ ಕೆಲಸ ಬಿಟ್ಟರೆ ತಪ್ಪು ಒಪ್ಪಿಕೊಂಡಂತಾಗುತ್ತದೆ, ಕಳಿಸಿದರೆ ಬಾ, ನೀನಾಗಿ ಬರಬೇಡ ಎಂದರು. ಅಲ್ಲಿ ನಾಲ್ಕು ತಿಂಗಳು ಕಳೆಯಿತು. ಪೆಟ್ಟಿಗೆ ಒಡೆಯುವಾಗಲೂ ಲೆಕ್ಕ ಬಿಡಲಿಲ್ಲವೇ ಎಂದು ಕೇಳಿದೆ. ಬಿಡಲು ಬರುತ್ತಿರಲಿಲ್ಲವಂತೆ; ಒಂದು ಸಲ ಕಣ್ಣಿಗೆ ಬಿದ್ದಮೇಲೆ ಅದು ತಾನಾಗಿಯೇ ನಡೆಯುತ್ತದಂತೆ.

ಅಂಗಡಿಯ ಮುಂಭಾಗದಲ್ಲಿ ಅಷ್ಟರಲ್ಲಿ ಬೇರೆಯೇ ತೊಂದರೆ ಶುರುವಾಗಿತ್ತು. ಗಿರಾಕಿಗಳು ಎರಡೆರಡು ಪೊಟ್ಟಣ ಹಿಡಿದು ಬಿಲ್ಲಿನ ಮೇಜಿಗೆ ಬಂದು ಯಾವುದು ಅಗ್ಗ ಎಂದು ಕೇಳತೊಡಗಿದರು. ಸಾಲು ಬಾಗಿಲವರೆಗೆ ಬೆಳೆಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಐದು ಲೀಟರಿನ ಎಣ್ಣೆಯ ಕ್ಯಾನುಗಳು ಕದಲದೆ ಕೂತುಬಿಟ್ಟವು. ಆರುನೂರ ನಲವತ್ತಕ್ಕೆ ಐದು ಲೀಟರು, ಲೀಟರಿಗೆ ನೂರ ಇಪ್ಪತ್ತೆಂಟು. ಒಂದು ಲೀಟರಿನ ಬಿಡಿ ಪೊಟ್ಟಣ ನೂರ ಮೂವತ್ತನಾಲ್ಕು. ಕ್ಯಾನು ನಿಜಕ್ಕೂ ಅಗ್ಗ. ಪೆನ್ಸಿಲ್ ಅಂಕಿ ಇದ್ದಾಗ ವಾರಕ್ಕೆ ಮೂವತ್ತು ಹೋಗುತ್ತಿದ್ದವು. ಅಂಕಿ ಅಳಿಸಿದ ಮೇಲೆ, ದೊಡ್ಡದರಲ್ಲಿ ಏನೋ ಇದೆ ಎಂದು ಜನ ಮುಟ್ಟುತ್ತಿರಲಿಲ್ಲ.

"ಒಂಬತ್ತಕ್ಕಿಳೀತು," ಎಂದು ಮ್ಯಾನೇಜರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಕನ್ನಡಕವನ್ನು ಹಣೆಗೇರಿಸಿಕೊಂಡು ಮಾತಾಡುವ, ಸದಾ ಏನನ್ನೋ ಹುಡುಕುತ್ತಿರುವಂತೆ ಕಾಣುವ ಮನುಷ್ಯ. "ಇದು ಅಗ್ಗ ಕಣ್ರೀ ಅಂತ ನಾನೇ ನಿಂತು ಹೇಳ್ದೆ. ಯಾರೂ ನಂಬ್ಲಿಲ್ಲ. ಮಾರೋನು ನಾನಲ್ವಾ. ಅವರು ಬರೆದ್ರೆ ನಂಬ್ತಾರೆ, ಯಾಕಂದ್ರೆ ಅವರು ನಮಗೆ ನಷ್ಟ ಆಗೋದನ್ನೂ ಬರೀತಾರೆ."

ಇವರನ್ನು ಕರೆಸಿದರು. ಕ್ಷಮೆ ಗಿಮೆ ಏನೂ ಇರಲಿಲ್ಲ. ಬರೆಯುವುದಾದರೆ ಕೈಯಲ್ಲಿ ಬೇಡ, ಚೀಟಿಯಲ್ಲೇ ಅಚ್ಚಾಗಲಿ. ಒಂದು ಅಂಕಿಯೂ ತಪ್ಪಬಾರದು ಎಂದರು. ಇವರು ಒಪ್ಪಿದರು. ಆದರೆ ತಮ್ಮದೂ ಒಂದು ಮಾತಿದೆ ಎಂದರು.

"ಹಾಕೋದಾದ್ರೆ ಎಲ್ಲಾದಕ್ಕೂ ಹಾಕ್ಬೇಕು ಸಾರ್. ನಮ್ಮಂಗಡಿ ಹೆಸರಿನ ಪೊಟ್ಟಣಕ್ಕೂ."

ಮ್ಯಾನೇಜರು ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯ ಪರೀಕ್ಷೆ ಎರಡೇ ವಾರದಲ್ಲಿ ಬಂತು. ಅಂಗಡಿಯೇ ತುಂಬಿಸಿ ಮಾರುವ ಐದು ಕೆಜಿ ಅಕ್ಕಿ ಮುನ್ನೂರ ಹತ್ತು, ಕೆಜಿಗೆ ಅರವತ್ತೆರಡು. ಪಕ್ಕದ ಬೇರೆಯವರ ಚೀಲ ಕೆಜಿಗೆ ಅರವತ್ತು. ಇವರು ಎರಡನ್ನೂ ಅಚ್ಚು ಹಾಕಿಸಿ ಸಿಕ್ಕಿಸಿದರು. ಮ್ಯಾನೇಜರು ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಆ ಕಪಾಟಿನ ಮುಂದೆ ಬಂದು ನಿಂತರು, ಹೋದರು. ಎರಡು ದಿನ ಹೀಗೇ. ತನಗೆ ಮತ್ತೆ ಗೋದಾಮೇ ಗತಿ ಅಂದುಕೊಂಡರು ಇವರು. ಮೂರನೆಯ ದಿನ ಬದಲಿಸಬೇಕಾದ ಚೀಟಿಗಳ ಪಟ್ಟಿಯಲ್ಲಿ ಆ ಅಕ್ಕಿಯೂ ಇತ್ತು: ಇನ್ನೂರ ತೊಂಬತ್ತೊಂಬತ್ತು. ಕೆಜಿಗೆ ಐವತ್ತೊಂಬತ್ತು ರೂಪಾಯಿ ಎಂಬತ್ತು ಪೈಸೆ.

ಆರೂಮುಕ್ಕಾಲಿಗೆ ಇವರು ಕೊನೆಯ ಸಾಲಿನಲ್ಲಿದ್ದಾರೆ. ಬಿಸ್ಕತ್ತಿನ ಮೇಲೆ 'ಮೂರು ಕೊಂಡರೆ ಒಂದು ಉಚಿತ' ಎಂಬ ಕೆಂಪು ಪಟ್ಟಿ ಅಂಟಿಸಿ, ಕೆಳಗೆ ತಮ್ಮ ಚೀಟಿ ಸಿಕ್ಕಿಸುತ್ತಾರೆ. ಇಪ್ಪತ್ತರ ಪೊಟ್ಟಣ ಎಪ್ಪತ್ತೈದು ಗ್ರಾಂ. ನಾಲ್ಕು ಸೇರಿ ಮುನ್ನೂರು ಗ್ರಾಂ, ಅರವತ್ತು ರೂಪಾಯಿ. ನೂರು ಗ್ರಾಂಗೆ ಇಪ್ಪತ್ತು. ಅದೇ ಬಿಸ್ಕತ್ತಿನ ಮುನ್ನೂರು ಗ್ರಾಂನ ಉದ್ದನೆಯ ಪೊಟ್ಟಣ ಐವತ್ತನಾಲ್ಕು. ನೂರು ಗ್ರಾಂಗೆ ಹದಿನೆಂಟು. ಉಚಿತಕ್ಕೆ ಆರು ರೂಪಾಯಿ ಹೆಚ್ಚು. ಇವರು ಅದನ್ನು ಮೋಸ ಎಂದು ಕರೆಯುವುದಿಲ್ಲ. ಮಕ್ಕಳ ಡಬ್ಬಿಗೆ ಹಾಕಲು ಸಣ್ಣ ಪೊಟ್ಟಣವೇ ಅನುಕೂಲ ಎನ್ನುವವರಿದ್ದಾರೆ, ತಗೊಳ್ಳಲಿ. ಆದರೆ ಗೊತ್ತಿದ್ದು ತಗೊಳ್ಳಲಿ ಎನ್ನುತ್ತಾರೆ. ಒಬ್ಬರೇ ಇರುವವರು ಅಗ್ಗವೆಂದು ಐದು ಲೀಟರ್ ಎಣ್ಣೆ ಒಯ್ದು, ಮುಗಿಯುವಷ್ಟರಲ್ಲಿ ಕಮಟು ಹಿಡಿಸಿಕೊಂಡರೆ ಅದೂ ನಷ್ಟವೇ. ಅಂಥವರನ್ನು ಕಂಡರೆ ಸಣ್ಣದೇ ಸಾಕು ಎಂದು ಮೆಲ್ಲಗೆ ಹೇಳುವುದುಂಟು.

ಮಾತಿನ ನಡುವೆ ಇವರ ಕಣ್ಣು ನನ್ನ ಕೈಚೀಲದ ಮೇಲೆ ಬಿತ್ತು. ಹಿಂದಿನ ದಿನ ಬೇರೊಂದು ಕಡೆ ಕೊಂಡ ಹಲ್ಲುಜ್ಜುವ ಪೇಸ್ಟು ಇಣುಕುತ್ತಿತ್ತು. 'ಕುಟುಂಬದ ಪ್ಯಾಕ್', ನೂರೈವತ್ತು ಗ್ರಾಂ, ತೊಂಬತ್ತೊಂಬತ್ತು ರೂಪಾಯಿ. ನೂರಕ್ಕೆ ಅರವತ್ತಾರು ಎಂದರು. ಎಂಬತ್ತು ಗ್ರಾಂನದು ನಲವತ್ತೆಂಟಕ್ಕೆ ಸಿಗುತ್ತಿತ್ತು, ನೂರಕ್ಕೆ ಅರವತ್ತು. ನಾನು ಪದವಿಯವರೆಗೆ ಗಣಿತ ಓದಿದವನು. ಪೇಸ್ಟನ್ನು ಒಳಕ್ಕೆ ತಳ್ಳಿದೆ.

ಕೆಲಸಕ್ಕೆ ತಕ್ಕ ಹೆಸರು, ಸಂಬಳ ಬಂದಿದೆಯೇ ಎಂದರೆ ಇಲ್ಲ. ಅಚ್ಚಿನ ಯಂತ್ರ ಬಂದಿದೆ. ಅದಕ್ಕೆ ಇವರು ತೂಕ ಮತ್ತು ಬೆಲೆ ಕೊಟ್ಟರೆ ಉಳಿದದ್ದನ್ನು ಅದೇ ಮಾಡುತ್ತದೆ. ಆದರೂ ಪ್ರತಿ ಚೀಟಿಯನ್ನೂ ಮನಸ್ಸಿನಲ್ಲಿ ಒಮ್ಮೆ ಭಾಗಿಸಿ ನೋಡದೆ ಸಿಕ್ಕಿಸುವುದಿಲ್ಲ. ಹೊಸ ಸರಕು ಬಂದರೆ ಪೊಟ್ಟಣದ ಹಿಂಬದಿಯನ್ನು ಓದಿ, ತಕ್ಕಡಿಗೂ ಇಡುತ್ತಾರೆ. ಹೋದ ವರ್ಷ ಹದಿನಾಲ್ಕು ಸರಕುಗಳು ಹೀಗೆ ಸದ್ದಿಲ್ಲದೆ ತೂಕ ಇಳಿಸಿಕೊಂಡಿದ್ದು ಇವರ ಕೈಗೆ ಸಿಕ್ಕಿತು. ಗಂಡ ಈಗ ಒಂದು ಬಣ್ಣದಂಗಡಿಯಲ್ಲಿ ಕೂತು ಬಣ್ಣ ಬೆರೆಸಿಕೊಡುತ್ತಾರೆ. ಏಣಿ ಹತ್ತುವಂತಿಲ್ಲ, ಆದರೆ ಎಷ್ಟು ಗೋಡೆಗೆ ಎಷ್ಟು ಲೀಟರು ಎಂದು ಕೇಳಲು ದೂರದಿಂದ ಜನ ಬರುತ್ತಾರೆ. ಅತ್ತೆಗೆ ಎಂಬತ್ತಾಗಿದೆ. ಸೊಸೆ ಬೆಂಕಿಪೆಟ್ಟಿಗೆಯ ಕಡ್ಡಿ ಎಣಿಸಿ, ಐವತ್ತು ಎಂದಿದ್ದ ಪೆಟ್ಟಿಗೆಯಲ್ಲಿ ನಲವತ್ತಮೂರೇ ಇದ್ದದ್ದನ್ನು ಹಿಡಿದ ಕಥೆಯನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಪ್ರತಿ ಸಲ ಒಂದೆರಡು ಕಡ್ಡಿ ಇನ್ನೂ ಕಮ್ಮಿಯಾಗುತ್ತವೆ ಎಂದು ಸೊಸೆ ನಗುತ್ತಾರೆ.

ಏಳಕ್ಕೆ ಬಾಗಿಲು ಪೂರ್ತಿ ಮೇಲೇರುತ್ತದೆ. ಗಿರಾಕಿಗಳು ಬರತೊಡಗುತ್ತಾರೆ. ಕೋಲೂರಿಕೊಂಡ ಹಿರಿಯರೊಬ್ಬರು ಬೇಳೆಯ ಸಾಲಿನ ಮುಂದೆ ನಿಂತು ತಲೆಯನ್ನು ಓರೆ ಮಾಡಿ, ಕೆಳಗಿನ ಹಲಗೆಯ ಚೀಟಿಯನ್ನು ಓದಲು ನೋಡುತ್ತಾರೆ. ಆಗುವುದಿಲ್ಲ. ಕೈಗೆಟುಕುವ ಎತ್ತರದಲ್ಲಿದ್ದ ಪೊಟ್ಟಣವನ್ನೇ ತಗೊಂಡು ಹೋಗುತ್ತಾರೆ. ಇವರು ಅದನ್ನು ದೂರದಿಂದ ನೋಡುತ್ತಾರೆ.

ಮುಂದೆ ಏನಾಗಬೇಕು ಅಂತ ಆಸೆ ಎಂದು ಕೇಳಿದೆ. ಸಂಬಳದ ಮಾತು ಬರಬಹುದು ಅಂದುಕೊಂಡಿದ್ದೆ. ಇವರು ಖಾಲಿ ಕ್ರೇಟನ್ನು ಎತ್ತಿ ಸೊಂಟಕ್ಕೆ ಆನಿಸಿಕೊಳ್ಳುತ್ತಾರೆ.

"ಕೆಳಗಿನ ಹಲಗೆ ಚೀಟಿಗಳಲ್ಲಿ ಅಂಕಿ ದೊಡ್ಡದಾಗಿ ಹಾಕ್ಸಿಕೊಡಿ ಅಂತ ಮ್ಯಾನೇಜರ್‌ನ ಕೇಳಿದೀನಿ," ಎನ್ನುತ್ತಾರೆ. "ಅಗ್ಗದ್ದೆಲ್ಲ ಇಡೋದು ಕೆಳಗೇ. ಅದು ಬೇಕಾಗಿರೋದು ಬಗ್ಗಕ್ಕಾಗದೋರಿಗೆ."